ಹುಲಿಯಾದವನನ್ನು ಮರಳಿ ಕರೆಯುವವರು: ರೂಪಾಂತರದ ಕಥನ ಮತ್ತು ಸಲಿಂಗ ಪ್ರೇಮ

1. ಪ್ರವೇಶ

ಮನುಷ್ಯನು ಮೃಗವಾಗುವ ಕಥೆ ಲೋಕದ ಬಹುಪಾಲು ಜನಸಮುದಾಯಗಳಲ್ಲಿ ಇದೆ. ಯುರೋಪಿನಲ್ಲಿ ಅದು ಮುಖ್ಯವಾಗಿ ತೋಳದ ರೂಪವನ್ನು ತಾಳಿತು; ನಮ್ಮಲ್ಲಿ ಹುಲಿ, ಹಾವು, ಜಿಂಕೆ, ಮರಗಳ ರೂಪವನ್ನು ತಾಳಿತು. ಸ್ಟಿತ್ ಥಾಂಪ್ಸನ್ ಸಿದ್ಧಪಡಿಸಿದ ಜಾನಪದ ಆಶಯ ಸೂಚಿಯಲ್ಲಿ ತೋಳಮಾನವನಿಗೆ ಡಿ 113.1.1 ಎಂಬ ಸಂಖ್ಯೆಯಿದೆ. ಮನುಷ್ಯನು ಹುಲಿಯಾಗುವ ಆಶಯವೂ ಅದೇ ವಿಭಾಗದಲ್ಲಿ, ಅದರ ನೆರೆಯಲ್ಲೇ ಇದೆ. ವರ್ಗೀಕರಣದ ದೃಷ್ಟಿಯಿಂದ ಇವೆರಡೂ ಒಂದೇ ಮನೆಯವು. ಆದರೆ ಕಥೆಯು ಕೇಳುವ ಪ್ರಶ್ನೆಯ ದೃಷ್ಟಿಯಿಂದ ಇವೆರಡರ ನಡುವೆ ದೊಡ್ಡ ಅಂತರವಿದೆ.

ಕಳೆದ ಕೆಲವು ದಶಕಗಳಲ್ಲಿ ಇಂಗ್ಲಿಷಿನ ಜನಪ್ರಿಯ ಸಾಹಿತ್ಯದಲ್ಲಿ ತೋಳಮಾನವನ ಕಥೆಯು ಗಂಡು–ಗಂಡಿನ ಪ್ರೇಮದ ಕಥೆಯೊಡನೆ ಬೆರೆತು ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದಿದೆ. ಕನ್ನಡದಲ್ಲಿ ಈ ಎರಡು ಎಳೆಗಳೂ ಇವೆ. ಆದರೆ ಬೇರೆ ಬೇರೆಯಾಗಿ ಇವೆ. ರೂಪಾಂತರದ ಎಳೆಯನ್ನು ಚಂದ್ರಶೇಖರ ಕಂಬಾರ, ಗಿರೀಶ ಕಾರ್ನಾಡರು ಜನಪದ ಕಥೆಗಳಿಂದ ಎತ್ತಿಕೊಂಡು ಬೆಳೆಸಿದರು. ಸಲಿಂಗ ಪ್ರೇಮದ ಎಳೆಯನ್ನು ವಸುಧೇಂದ್ರರು ವಾಸ್ತವವಾದಿ ಸಣ್ಣಕಥೆಯ ಮಾರ್ಗದಲ್ಲಿ ನಮ್ಮ ಮುಂದಿಟ್ಟರು. ಇವೆರಡನ್ನೂ ಒಟ್ಟಿಗೆ ಹೆಣೆಯಲು ಲೇಖಕನೊಬ್ಬ ಹೊರಟರೆ, ಅದೂ ಸಕಲೇಶಪುರ–ಆಲೂರು ಮಲೆಗಳಂಥ ಒಂದು ನಿರ್ದಿಷ್ಟ ನೆಲದಲ್ಲಿ ನಿಂತು ಹೊರಟರೆ, ಅವನ ಮುಂದೆ ಯಾವ ಮಾದರಿಗಳಿವೆ, ಅವುಗಳಲ್ಲಿ ಯಾವುದು ಅವನಿಗೆ ಒದಗೀತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಮಂಡಿಸಬಯಸುವ ವಿಚಾರ ಇಷ್ಟು: ರೂಪಾಂತರದ ಕಥೆಯ ತಿರುಳು ಬದಲಾಗುವವನ ಗುಟ್ಟಿನಲ್ಲಿ ಇಲ್ಲ, ಬದಲಾದವನನ್ನು ಮರಳಿ ಮನುಷ್ಯನಾಗಿ ಬರಮಾಡಿಕೊಳ್ಳಬೇಕಾದ ಇನ್ನೊಬ್ಬರ ಕೈಯಲ್ಲಿ ಇದೆ. ಈ ಅರಿವು ನಮ್ಮ ಜನಪದ ಕಥೆಗಳಲ್ಲಿ ಸ್ಪಷ್ಟವಾಗಿದೆ. ಆಧುನಿಕ ಲೇಖಕನು ಅದನ್ನು ಕೈಬಿಟ್ಟು ಹೊರಗಿನ ಸಿನಿಮಾದ ತೋಳವನ್ನು ತಂದರೆ, ತಾನು ಬಿಡಿಸಲು ಹೊರಟ ಕಟ್ಟನ್ನೇ ಇನ್ನಷ್ಟು ಬಿಗಿದಂತಾಗುತ್ತದೆ.

2. ತೋಳದ ಕಥೆಯ ಎರಡು ದಾರಿಗಳು

ತೋಳಮಾನವನೆಂದರೆ ಹುಣ್ಣಿಮೆಯ ರಾತ್ರಿ, ಕಚ್ಚಿದರೆ ಹರಡುವ ರೋಗ, ಬೆಳ್ಳಿಯಿಂದ ಬರುವ ಸಾವು ಎಂಬ ಚಿತ್ರ ಇಂದು ಎಲ್ಲರಿಗೂ ಪರಿಚಿತ. ಈ ಚಿತ್ರವನ್ನು ಜನಮನದಲ್ಲಿ ನೆಲೆಗೊಳಿಸಿದ್ದು ಹಳೆಯ ಹಳ್ಳಿಯ ಕಥೆಗಳಿಗಿಂತ ಹೆಚ್ಚಾಗಿ 1941ರ ‘ದಿ ವುಲ್ಫ್ ಮ್ಯಾನ್’ ಮತ್ತು ಅದರ ಹಿಂದೆಯೇ ಬಂದ ಹಾಲಿವುಡ್ ಚಿತ್ರಗಳು. ಅವುಗಳಿಗೂ ಹಿಂದೆ, 16 ಮತ್ತು 17ನೆಯ ಶತಮಾನಗಳ ಯುರೋಪಿನಲ್ಲಿ, ತೋಳವಾಗುತ್ತಾನೆಂಬ ಆರೋಪದ ಮೇಲೆ ಮನುಷ್ಯರನ್ನು ವಿಚಾರಣೆಗೆ ಒಳಪಡಿಸಿ ಕೊಂದ ಇತಿಹಾಸವಿದೆ. ಅದೇ ಕಾಲದಲ್ಲಿ ಅದೇ ಬಗೆಯ ನ್ಯಾಯಸ್ಥಾನಗಳು ಗಂಡಸರ ನಡುವಣ ಸಂಗಕ್ಕೂ ಮರಣದಂಡನೆ ವಿಧಿಸುತ್ತಿದ್ದವು. ಎರಡೂ ಆರೋಪಗಳಲ್ಲಿ ಒಂದೇ ತರ್ಕ ಕೆಲಸ ಮಾಡುತ್ತದೆ: ಹೊರಗೆ ಮನುಷ್ಯನಂತೆ ಕಾಣುವವನ ಒಳಗೆ ಇನ್ನೊಂದು ಅಡಗಿದೆ, ಅದನ್ನು ಬಾಯಿಬಿಡಿಸಬೇಕು, ಬಾಯಿಬಿಟ್ಟ ಮೇಲೆ ಶಿಕ್ಷಿಸಬೇಕು.

ಆದ್ದರಿಂದ ಪಶ್ಚಿಮದ ಸಲಿಂಗಪ್ರೇಮಿ ಲೇಖಕರು ತೋಳಮಾನವನನ್ನು ಎತ್ತಿಕೊಂಡದ್ದು ಸಹಜವೇ ಆಗಿದೆ. ಗುಟ್ಟು, ಭಯ, ದೇಹದ ಮೇಲೆ ತನಗೇ ಹಿಡಿತವಿಲ್ಲದ ಹರೆಯ, ಊರಿನವರ ಬೇಟೆ ಇವೆಲ್ಲವೂ ಅಲ್ಲಿ ಸಿದ್ಧವಾಗಿಯೇ ಇದ್ದವು. ಆದರೆ ಸಿದ್ಧವಾಗಿರುವುದು ಯಾವಾಗಲೂ ಒಳ್ಳೆಯದಲ್ಲ. ಪ್ರೇಮವನ್ನು ತೋಳದ ಸ್ಥಾನದಲ್ಲಿಟ್ಟ ಕೂಡಲೆ ಅದು ರೋಗದ, ಶಾಪದ, ಗುಟ್ಟಿನ ಭಾಷೆಯನ್ನು ಹೊತ್ತುಕೊಂಡೇ ಬರುತ್ತದೆ. ಲೇಖಕನು ಸಹಾನುಭೂತಿಯಿಂದ ಬರೆದರೂ ಕಥೆಯ ಚೌಕಟ್ಟು ನ್ಯಾಯಸ್ಥಾನದ್ದೇ ಆಗಿ ಉಳಿಯುತ್ತದೆ.

ಇದನ್ನು ಮೀರಲು ಯತ್ನಿಸಿದ ಇತ್ತೀಚಿನ ಕೃತಿಗಳಲ್ಲಿ ಅಮೆರಿಕದ ಟಿ.ಜೆ. ಕ್ಲೂನ್ ಅವರ ‘ವುಲ್ಫ್‌ಸಾಂಗ್’ (2016) ಗಮನಾರ್ಹವಾದುದು. ತಂದೆ ಬಿಟ್ಟುಹೋದ ಹುಡುಗನೊಬ್ಬ ನೆರೆಮನೆಯ ತೋಳಕುಟುಂಬದೊಳಗೆ ಸೇರಿಕೊಳ್ಳುವ ಕಥೆಯದು. ಅಲ್ಲಿ ತೋಳತನ ಶಾಪವಲ್ಲ, ಬಳಗ. ಮನುಷ್ಯನಾಗಿ ಉಳಿದುಕೊಂಡೇ ಹಿಂಡಿನ ಮುಂದಾಳಾಗುವ ನಾಯಕನ ಕಲ್ಪನೆಯಲ್ಲಿ ಹೊಸತನವಿದೆ. ಆದರೂ ಹಿಂಡಿಗೊಬ್ಬ ಅಧಿಪತಿ, ಒಬ್ಬನಿಗೆ ಒಬ್ಬನೇ ವಿಧಿಲಿಖಿತ ಜೊತೆಗಾರ ಎಂಬ ಈ ಪ್ರಕಾರದ ರೂಢಿಯನ್ನು ಆ ಕೃತಿ ಬಿಟ್ಟುಕೊಡುವುದಿಲ್ಲ. ‘ಆಲ್ಫಾ’ ತೋಳ ಎಂಬ ಕಲ್ಪನೆಯ ಮೂಲವನ್ನು ಇಲ್ಲಿ ನೆನೆಯಬೇಕು. ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಬೋನಿನಲ್ಲಿಟ್ಟ ತೋಳಗಳ ಅಧ್ಯಯನದಿಂದ ಅದು ಬಂದಿತು. ಡೇವಿಡ್ ಮೆಕ್ ಅವರ 1970ರ ಗ್ರಂಥದಿಂದ ಜನಪ್ರಿಯವಾಯಿತು. ಅದೇ ಮೆಕ್ 1999ರಲ್ಲಿ, ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಕುಟುಂಬವೇ ಹೊರತು ಕಾದಾಡಿ ಗದ್ದುಗೆ ಏರುವವರ ರಾಜ್ಯವಲ್ಲ ಎಂದು ತಿದ್ದಿ ಬರೆದರು. ಅಂದರೆ ಪ್ರಾಣಿಯ ನಿಜಸ್ವಭಾವವೆಂದು ಕಾದಂಬರಿಗಳು ಹೇಳುತ್ತ ಬಂದದ್ದು ಬೋನಿನ ಸ್ವಭಾವ. ಗಂಡಸುತನದ ಬೋನಿನಿಂದ ಹೊರಬರಬೇಕಾದ ಪ್ರೇಮಕಥೆಯೊಂದು ಇನ್ನೊಂದು ಬೋನಿನಿಂದ ತನ್ನ ನಿಯಮಗಳನ್ನು ಪಡೆದುಕೊಂಡದ್ದು ವಿಪರ್ಯಾಸವೇ ಸರಿ.

ಆದರೆ ಯುರೋಪಿನಲ್ಲೇ ಇನ್ನೊಂದು ಹಳೆಯ ದಾರಿಯಿದೆ. 12ನೆಯ ಶತಮಾನದ ಮರಿ ದ ಫ್ರಾನ್ಸ್ ಎಂಬ ಕವಯಿತ್ರಿಯ ‘ಬಿಸ್‌ಕ್ಲಾವ್ರೆ’ ಎಂಬ ಕಥನಕಾವ್ಯದಲ್ಲಿ ಸಾಮಂತನೊಬ್ಬ ವಾರದಲ್ಲಿ ಮೂರು ದಿನ ತೋಳವಾಗುತ್ತಾನೆ. ಕಳಚಿಟ್ಟ ಬಟ್ಟೆ ಮರಳಿ ಸಿಕ್ಕರೆ ಮಾತ್ರ ಅವನು ಮನುಷ್ಯನಾಗಬಲ್ಲ. ಗುಟ್ಟು ತಿಳಿದ ಹೆಂಡತಿ ಹೆದರಿ, ತನ್ನನ್ನು ಮೆಚ್ಚಿದ್ದ ಇನ್ನೊಬ್ಬನ ಕೈಯಿಂದ ಆ ಬಟ್ಟೆಯನ್ನು ಕದಿಸುತ್ತಾಳೆ. ಬೇಟೆಗೆ ಬಂದ ರಾಜನು ತನ್ನ ಪಾದಕ್ಕೆ ಮುತ್ತಿಟ್ಟ ತೋಳದಲ್ಲಿ ಮನುಷ್ಯನ ಬುದ್ಧಿಯನ್ನು ಕಂಡು ಅರಮನೆಗೆ ಕರೆತರುತ್ತಾನೆ. ತನ್ನ ಬಳಿಯಲ್ಲೇ ಮಲಗಿಸಿಕೊಳ್ಳುತ್ತಾನೆ. ಕೊನೆಯಲ್ಲಿ ಬಟ್ಟೆ ಸಿಕ್ಕಾಗ, ಎಲ್ಲರೆದುರು ಉಡಲು ಅವನು ನಾಚುವನೆಂದು ತಿಳಿದು ಅವನಿಗೆ ರಾಜನ ಕೋಣೆಯನ್ನೇ ಬಿಟ್ಟುಕೊಡಲಾಗುತ್ತದೆ. ರಾಜನು ಮರಳಿ ಬಂದು ನೋಡಿದರೆ ತನ್ನ ಹಾಸಿಗೆಯಲ್ಲಿ ಮಲಗಿರುವ ಸಾಮಂತ ಕಾಣುತ್ತಾನೆ. ಓಡಿಹೋಗಿ ಅಪ್ಪಿ ಮುದ್ದಿಡುತ್ತಾನೆ. ಈ ಕಾವ್ಯದಲ್ಲಿ ಗಂಡಸರಿಬ್ಬರ ಒಲವನ್ನು ಆಧುನಿಕ ವಿಮರ್ಶಕರು ಗುರುತಿಸಿದ್ದಾರೆ. ನಮಗೆ ಮುಖ್ಯವಾಗುವುದು ಅದರ ಕಥನಕ್ರಮ. ಮೃಗವಾದವನ ಭವಿಷ್ಯವೆಲ್ಲ ಬಟ್ಟೆಯನ್ನು ಯಾರು ಕದಿಯುತ್ತಾರೆ, ಯಾರು ಮರಳಿಸುತ್ತಾರೆ, ಉಡುವಾಗ ಮರೆಯನ್ನು ಯಾರು ಒದಗಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ಒಳ್ಳೆಯ ಕಥೆ ಇರುವುದು ಈ ದಾರಿಯಲ್ಲಿ. ಮತ್ತು ಈ ದಾರಿಯು ನಮ್ಮ ಕಥೆಗಳಿಗೆ ತೀರ ಹತ್ತಿರದ್ದು.

3. ತೋಳವಿಲ್ಲದ ಮಲೆ

ನಮ್ಮ ಕಥೆಗಳನ್ನು ನೋಡುವ ಮೊದಲು ನಮ್ಮ ನೆಲವನ್ನು ನೋಡಬೇಕು. ಕರ್ನಾಟಕದಲ್ಲಿ ತೋಳ ಬಯಲುಸೀಮೆಯ ಪ್ರಾಣಿ. ಕುರಿಗಾಹಿಗಳ ಕುರುಚಲು ನೆಲದ ಪ್ರಾಣಿ. ಮೇಲುಕೋಟೆಯ ಅಭಯಾರಣ್ಯವು 1974ರಲ್ಲಿ ರೂಪುಗೊಂಡದ್ದು ತೋಳಗಳ ರಕ್ಷಣೆಗಾಗಿ. ಕೊಪ್ಪಳದ ಕಡೆ ಇಂದಿಗೂ ತೋಳಗಳಿವೆ. ಆದರೆ ಹೇಮಾವತಿಯ ಮೇಲ್ದಂಡೆಯ ಮಳೆಕಾಡು, ಬಿಸಿಲೆ ಘಾಟಿ, ಮಂಜರಾಬಾದಿನ ಗುಡ್ಡಗಳು ತೋಳದ ನೆಲೆಯಲ್ಲ. ಇಲ್ಲಿ ಹಿಂಡುಕಟ್ಟಿ ಬೇಟೆಯಾಡುವುದು ಕಾಡುನಾಯಿ. ಒಂಟಿಯಾಗಿ ಸುಳಿಯುವುದು ಚಿರತೆ. ಕಥೆಯಲ್ಲಿ ಮೆರೆಯುವುದು ಹುಲಿ. ನಿತ್ಯದ ಬದುಕನ್ನು ಆಳುವುದು ಆನೆ. ಸಕಲೇಶಪುರದ ಕಥೆಯಲ್ಲಿ ತೋಳಮಾನವನನ್ನು ತಂದು ನಿಲ್ಲಿಸುವ ಲೇಖಕನು ಮೊದಲ ಪುಟದಲ್ಲೇ ನೆಲದ ನಂಬಿಕೆಯನ್ನು ಕಳೆದುಕೊಳ್ಳುತ್ತಾನೆ.

ಹುಲಿಯ ಮಟ್ಟಿಗೆ ಈ ಸೀಮೆಗೆ ಒಂದು ರಾಜಕಥೆಯಿದೆ. ಸೊಸೆವೂರಿನಲ್ಲಿ ಮೇಲೆರಗಿದ ಹುಲಿಯನ್ನು ಗುರುವಿನ ಆಜ್ಞೆಯಂತೆ ಸಳನು ಹೊಯ್ದು ಕೊಂದನೆಂಬುದು ಹೊಯ್ಸಳರ ಮೂಲಕಥೆ. ಆ ಸೊಸೆವೂರು ನೆರೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡಿನ ದೇವಾಲಯಗಳಲ್ಲಿ ಈ ಲಾಂಛನವು ಶಿಲ್ಪವಾಗಿ ನಿಂತಿದೆ. ಮೃಗವನ್ನು ಕೊಂದವನು ಅರಸನಾಗುತ್ತಾನೆ, ಅವನ ಗಂಡಸುತನವೇ ವಂಶಕ್ಕೆ ಹೆಸರಾಗುತ್ತದೆ ಎಂಬುದು ಈ ಕಥೆಯ ಸಾರ. ಶಿಲೆಯಲ್ಲಿ ಉಳಿದದ್ದು ಕೊಂದವನ ಕಥೆ. ನಾಲಗೆಯ ಮೇಲೆ ಉಳಿದು ಬಂದ ಕಥೆಗಳು ಹಾಗಿಲ್ಲ. ಪುಣ್ಯಕೋಟಿಯ ಕಥೆಯ ಹುಲಿಯನ್ನು ಯಾರೂ ಕೊಲ್ಲುವುದಿಲ್ಲ. ಹಸುವು ಮಾತಿಗೆ ತಪ್ಪದೆ ಮರಳಿ ಬಂದುದನ್ನು ಕಂಡು ಅದು ತಾನೇ ತನ್ನನ್ನು ನಿರ್ಣಯಿಸಿಕೊಳ್ಳುತ್ತದೆ. ಮೃಗಕ್ಕೂ ಒಳಗೊಂದು ಧರ್ಮವಿದೆ ಎಂಬುದನ್ನು ಕನ್ನಡದ ಮಗು ಶಾಲೆಯಲ್ಲೇ ಕಲಿಯುತ್ತದೆ.

ಆನೆಯ ವಿಷಯದಲ್ಲಿ ಈ ಮಲೆಗಳ ಅನುಭವ ಇನ್ನೂ ಜಟಿಲವಾದುದು. ಹೈಕೋರ್ಟಿನ ಆದೇಶದಂತೆ ರಚನೆಯಾದ ಕಾರ್ಯಪಡೆಯ 2012ರ ವರದಿಯ ಬಳಿಕ ಆಲೂರು–ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಸಂಘರ್ಷ ನಿಲ್ಲಲಿಲ್ಲ. ಬೆಳೆ ಕಳೆದುಕೊಂಡ, ಮನೆಯವರನ್ನು ಕಳೆದುಕೊಂಡ ಜನರೇ ಕಾಡಾನೆಗಳಿಗೆ ಭೀಮ ಮೊದಲಾದ ಹೆಸರಿಟ್ಟು ಕರೆಯುತ್ತಾರೆ. ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಂದರ ಎದುರು ಕಾದಾಡಿ ಸತ್ತಾಗ ಈ ಭಾಗದ ಜನ ಬಂಧುವನ್ನು ಕಳೆದುಕೊಂಡವರಂತೆ ಅತ್ತರು. ಕಾಡಿನಲ್ಲಿ ಹುಟ್ಟಿ, ಖೆಡ್ಡಾದಲ್ಲಿ ಸಿಕ್ಕಿ, ಮನುಷ್ಯನ ಹೆಸರನ್ನೂ ಮನುಷ್ಯನ ಆಜ್ಞೆಯನ್ನೂ ಹೊತ್ತು, ಕೊನೆಗೆ ತನ್ನ ಕುಲದವನ ಎದುರೇ ನಿಂತ ಆ ಪ್ರಾಣಿಯ ಬದುಕು ರೂಪಾಂತರದ ಕಥೆಯೇ ಅಲ್ಲವೆ? ಹೆಸರಿಟ್ಟು ಕರೆಯುವುದರಿಂದ ಒಂದು ಜೀವ ಯಾವ ಕಡೆಗೆ ಸೇರುತ್ತದೆ ಎಂಬುದು ತೀರ್ಮಾನವಾಗುತ್ತದೆ. ಈ ಮಲೆಗಳ ಜನರಿಗೆ ಇದು ಪುಸ್ತಕದ ವಿಚಾರವಲ್ಲ.

ಮೂಡಿಗೆರೆಯಲ್ಲಿ ನೆಲೆಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರ ದೊಡ್ಡ ಕೊಡುಗೆಯೂ ಇಲ್ಲಿಯೇ ಇದೆ. ‘ಕರ್ವಾಲೊ’ (1980) ಕಾದಂಬರಿಯ ಹಾರುವ ಓತಿಯು ಯಾವುದರ ಸಂಕೇತವೂ ಆಗಲು ಒಪ್ಪದೆ ಘಾಟಿಯ ಆಳಕ್ಕೆ ತೇಲಿಹೋಗುತ್ತದೆ. ಪ್ರಾಣಿಯನ್ನು ಮನುಷ್ಯನ ಒಳಗಿನ ಯಾವುದೋ ಭಾವದ ಚಿತ್ರವೆಂದು ಮಾತ್ರ ಬಳಸುವ ಲೇಖಕನಿಗೆ ಮಲೆನಾಡಿನ ಕಥನಪರಂಪರೆ ಸುಲಭವಾಗಿ ಜಾಗ ಕೊಡುವುದಿಲ್ಲ.

4. ನೀರೆರೆಯುವ ಕೈ

ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿ, ಸ್ತ್ರೀಯರ ಕಥೆಯೆಂದು ವಿಶ್ಲೇಷಿಸಿದ, ಹೂವಿನ ಗಿಡವಾಗುವ ಹುಡುಗಿಯ ಕನ್ನಡ ಕಥೆಯನ್ನು ಎಲ್ಲ ಜಾನಪದ ವಿದ್ಯಾರ್ಥಿಗಳೂ ಬಲ್ಲರು. ಇದರ ಆಧಾರದ ಮೇಲೆಯೇ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರವನ್ನು ತೆಗೆದರು. ಹುಡುಗಿ ಮರವಾಗಲು ಒಂದು ಬಿಂದಿಗೆ ನೀರು, ಮರಳಿ ಹುಡುಗಿಯಾಗಲು ಇನ್ನೊಂದು ಬಿಂದಿಗೆ ನೀರು. ಉಗುರು ತಾಗಬಾರದು, ಕೊಂಬೆ ಮುರಿಯಬಾರದು. ಒಡಹುಟ್ಟಿದವಳು ಎಚ್ಚರದಿಂದ ನೀರೆರೆದಾಗ ಎಲ್ಲವೂ ಸರಿಯಾಗುತ್ತದೆ. ನಾದಿನಿ ಮತ್ತು ಅವಳ ಗೆಳತಿಯರು ಆಟಕ್ಕಾಗಿ ಒತ್ತಾಯಿಸಿ, ಕೊಂಬೆ ಮುರಿದು, ನೀರನ್ನು ಅಡ್ಡಾದಿಡ್ಡಿ ಚೆಲ್ಲಿ ಹೋದಾಗ ಅವಳು ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಅವಳು ಮರವಾದದ್ದು ಎಲ್ಲಿಯೂ ತಪ್ಪಲ್ಲ, ರೋಗವಲ್ಲ, ಶಾಪವಲ್ಲ. ತಪ್ಪು ನಡೆದದ್ದು ನೀರೆರೆದವರ ಕೈಯಲ್ಲಿ.

ಇದೇ ಕಟ್ಟಿನ ಹುಲಿಯ ಕಥೆಯೊಂದನ್ನು 1844ರಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿ ಮಧ್ಯಭಾರತದಿಂದ ದಾಖಲಿಸಿದ್ದಾನೆ. ಒಂದು ಬೇರು ತಿಂದರೆ ಹುಲಿ, ಇನ್ನೊಂದು ಬೇರು ತಿಂದರೆ ಮತ್ತೆ ಮನುಷ್ಯ. ಎರಡನೆಯ ಬೇರನ್ನು ಹೆಂಡತಿಯ ಕೈಗೆ ಕೊಟ್ಟು ಗಂಡನು ಹುಲಿಯಾಗುತ್ತಾನೆ. ಅವಳು ಹೆದರಿ ಬೇರನ್ನು ಹಿಡಿದುಕೊಂಡೇ ಓಡಿಬಿಡುತ್ತಾಳೆ. ಅವನು ಹುಲಿಯಾಗಿಯೇ ಉಳಿದು, ತನಗೆ ಪರಿಚಯವಿದ್ದವರನ್ನೇ ತಿನ್ನುತ್ತಾನೆ. ಕೇರಳದ ಒಡಿಯನ ಕಥೆಗಳಲ್ಲಿ ಮೃಗವಾಗುವವನು ಮಂತ್ರವಾದಿ; ಅಲ್ಲಿ ಭಯ ಹೆಚ್ಚು. ಸ್ಲೀಮನ್ ದಾಖಲಿಸಿದ ಕಥೆಯಲ್ಲಿ ಭಯಕ್ಕಿಂತ ನಂಬಿಕೆಯ ಭಾರ ಹೆಚ್ಚು. ತನ್ನ ಇನ್ನೊಂದು ರೂಪವನ್ನು ಒಬ್ಬರಿಗೆ ತೋರಿಸುವುದು ಎಂದರೆ ಮರಳುವ ದಾರಿಯನ್ನು ಅವರ ಕೈಗೆ ಒಪ್ಪಿಸುವುದು. ತನ್ನ ಒಲವಿನ ಸ್ವರೂಪವನ್ನು ಮನೆಯವರ ಮುಂದೆ ಮೊದಲ ಬಾರಿಗೆ ಹೇಳುವ ಯಾವ ತರುಣನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಹೇಳಿದ ಕ್ಷಣದಲ್ಲಿ ಅವನು ಬದಲಾಗಿಲ್ಲ. ಕೇಳಿದವರ ಕೈಯಲ್ಲಿ ಬೇರು ಇದೆ, ಅಷ್ಟೆ.

ಭಾರತಕಥೆಯ ಕಿಂದಮನನ್ನೂ ಇಲ್ಲಿ ನೆನೆಯಬಹುದು. ಮನುಷ್ಯರ ಕಣ್ಣಿಗೆ ನಾಚಿ ಜಿಂಕೆಯ ರೂಪದಲ್ಲಿ ಮಡದಿಯೊಡನೆ ಕೂಡಿದ್ದ ಋಷಿಯನ್ನು ಪಾಂಡುವು ಬಾಣದಿಂದ ಹೊಡೆಯುತ್ತಾನೆ. ಶಾಪ ತಗಲಿದ್ದು ರೂಪ ಬದಲಿಸಿದ ಋಷಿಗಲ್ಲ, ಒಲವಿನ ಹೊತ್ತಿನಲ್ಲಿ ಬಾಣ ಬಿಟ್ಟ ಅರಸನಿಗೆ. ಗಂಡುಹೆಣ್ಣಿನ ಕಥೆಯಾದರೂ ಇದರ ನ್ಯಾಯ ಎಲ್ಲ ಒಲವಿಗೂ ಅನ್ವಯಿಸುವಂಥದು.

ಆಧುನಿಕ ಕನ್ನಡ ಸಾಹಿತ್ಯ ಈ ಸಾಮಗ್ರಿಯನ್ನು ಎರಡು ಬಗೆಯಲ್ಲಿ ಬಳಸಿಕೊಂಡಿದೆ. ಕಂಬಾರರ ‘ಹೇಳತೇನ ಕೇಳ’ (1964) ಕಾವ್ಯದಲ್ಲಿ ಹುಲಿಬೇಟೆಗೆ ಹೋದ ಗೌಡನನ್ನು ಕೊಂದ ರಾಕ್ಷಸನು ಗೌಡನ ರೂಪದಲ್ಲೇ ಊರು ಸೇರುತ್ತಾನೆ. ರೂಪಾಂತರದ ದಿಕ್ಕು ಇಲ್ಲಿ ತಿರುವುಮುರುವಾಗಿದೆ: ಮೃಗತ್ವ ಇರುವುದು ಊರಾಚೆಯಲ್ಲಲ್ಲ, ಊರಿನ ಯಜಮಾನಿಕೆಯ ಪೀಠದಲ್ಲಿ. ಕಾರ್ನಾಡರ ‘ನಾಗಮಂಡಲ’ (1988) ನಾಟಕದಲ್ಲಿ ನಾಗನು ಗಂಡನ ರೂಪ ತಾಳಿ ಬಂದು ರಾಣಿಗೆ ಒಲವನ್ನು ಕಲಿಸುತ್ತಾನೆ. ದಾಂಪತ್ಯದ ಹೊರಗಿನ ಒಲವನ್ನು ಒಪ್ಪಲಾರದ ಪ್ರೇಕ್ಷಕನು ಹಾವಿನ ಒಲವನ್ನು ಒಪ್ಪುತ್ತಾನೆ. ಒಪ್ಪಿದ ಮೇಲೆ ತಾನು ಒಪ್ಪಿದ್ದೇನೆಂದು ಅವನಿಗೆ ಅರಿವಾಗುತ್ತದೆ. ರೂಪಾಂತರದ ಕಥೆಗಿರುವ ಶಕ್ತಿ ಇದು. ಇದರ ಮಿತಿಯೂ ಇದೇ. ಗಂಡನ ವೇಷವಿಲ್ಲದೆ ನಾಗನಿಗೆ ಆ ಮನೆಯಲ್ಲಿ ಪ್ರವೇಶವಿಲ್ಲ.

5. ವಸುಧೇಂದ್ರರ ಆಯ್ಕೆ

ಈ ಮಿತಿಯನ್ನು ಗಮನಿಸಿದರೆ ವಸುಧೇಂದ್ರರು ‘ಮೋಹನಸ್ವಾಮಿ’ (2013) ಸಂಕಲನದಲ್ಲಿ ರೂಪಕದ ದಾರಿಯನ್ನು ಬಿಟ್ಟು ವಾಸ್ತವದ ದಾರಿಯನ್ನು ಏಕೆ ಹಿಡಿದರೆಂಬುದು ತಿಳಿಯುತ್ತದೆ. ಈ ಸರಣಿಯ ‘ಕಗ್ಗಂಟು’ ಕಥೆ ಮೊದಲು ‘ದೇಶಕಾಲ’ ಪತ್ರಿಕೆಯಲ್ಲಿ ಗುಪ್ತನಾಮದಲ್ಲಿ ಪ್ರಕಟವಾಗಿತ್ತು. ಸ್ವಂತ ಹೆಸರಿನಲ್ಲಿ ಸಂಕಲನ ಬಂದ ವರ್ಷವೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ರದ್ದುಗೊಳಿಸಿ 377ನೆಯ ಕಲಮನ್ನು ಮತ್ತೆ ಜಾರಿಗೆ ತಂದಿತು. 1860ರ ಆ ಕಲಮು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ವೆಂಬ ಮಾತಿನಲ್ಲಿ ಗಂಡು, ಹೆಣ್ಣು, ಪ್ರಾಣಿ ಮೂರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿತ್ತು. ಕಾನೂನೇ ಒಬ್ಬನನ್ನು ಮೃಗದ ಸಾಲಿನಲ್ಲಿ ನಿಲ್ಲಿಸಿರುವಾಗ ಸಾಹಿತಿಯು ಅವನನ್ನು ಮನುಷ್ಯನ ಸಾಲಿನಲ್ಲಿ, ಅವನ ಕಚೇರಿ, ಬಾಡಿಗೆ ಮನೆ, ಅಡುಗೆ, ಅಳುಗಳ ನಡುವೆ ನಿಲ್ಲಿಸಬೇಕಾದದ್ದು ಮೊದಲ ಕೆಲಸ. ಆ ಕೆಲಸವನ್ನು ವಸುಧೇಂದ್ರರು ಮಾಡಿದರು. ಯಾವ ವೇಷವೂ ಇಲ್ಲದೆ ಬಾಗಿಲು ತಟ್ಟುವ ಮೋಹನಸ್ವಾಮಿಯು ನಾಗಮಂಡಲದ ನಾಗನಿಗೆ ಕೊಟ್ಟ ಉತ್ತರದಂತಿದ್ದಾನೆ.

ಆದರೂ ಈ ಸಂಕಲನದ ಒಳಗೆ ರೂಪಾಂತರದ ಎಳೆ ಸುಳಿದಿದೆ. ‘ತಗಣಿ’ ಎಂಬ ಕಥೆಯ ಶಂಕರಗೌಡ ಹೆಣ್ಣಿನ ನಡೆನುಡಿಯ ಹಳ್ಳಿಯ ಹುಡುಗ. ಸ್ವಂತ ಮನೆಯವರ ಕೈಯಲ್ಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಕಥೆಯ ಹೆಸರೇ ಎಲ್ಲವನ್ನೂ ಹೇಳುತ್ತದೆ. ಕಾಫ್ಕಾನ 1915ರ ಕಥೆಯಲ್ಲಿ ಗ್ರೆಗರ್ ಸಾಮ್ಸಾ ನಿಜವಾಗಿಯೇ ಕೀಟವಾಗಿ ಏಳುತ್ತಾನೆ. ಇಲ್ಲಿ ಶಂಕರಗೌಡ ಮನುಷ್ಯನಾಗಿಯೇ ಇದ್ದಾನೆ. ಮನೆಯವರ ಕಣ್ಣಿನಲ್ಲಿ ಹೊಸಕಿ ಹಾಕಬೇಕಾದ ಕೀಟವಾಗಿದ್ದಾನೆ. ಹೂವಿನ ಗಿಡದ ಕಥೆಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ: ರೂಪ ಕೆಟ್ಟದ್ದು ಅವನಲ್ಲಿ ಅಲ್ಲ, ನೋಡುವವರಲ್ಲಿ. ‘ಕಗ್ಗಂಟು’ ಕಥೆಯ ಕಾರ್ತಿಕನು ಮೋಹನಸ್ವಾಮಿಯನ್ನು ಬಿಟ್ಟು ಮದುವೆಗೆ ಹೊರಡುವುದೂ ಬೇರು ಹಿಡಿದುಕೊಂಡು ಓಡಿದ ಹೆಂಡತಿಯ ಕಥೆಯೇ.

ಇಲ್ಲಿ ಒಂದು ವಿಮರ್ಶೆಯ ಮಾತನ್ನು ಹೇಳಬೇಕು. ಈ ಸಂಕಲನದಲ್ಲಿ ಹಳ್ಳಿಯ ಹುಡುಗನಿಗೆ ಮುಖ್ಯವಾಗಿ ದೊರೆಯುವುದು ಎರಡು ದಾರಿ: ನಗರಕ್ಕೆ ಹೋಗುವುದು, ಇಲ್ಲವೆ ಸಾಯುವುದು. ಮೋಹನಸ್ವಾಮಿಗೆ ನಿರಾಳತೆ ಸಿಗುವ ಪರ್ವತವೂ ದೂರದ ಆಫ್ರಿಕದ ಕಿಲಿಮಂಜಾರೋ. ಇದನ್ನು ಲೇಖಕರ ದೋಷವೆಂದು ಹೇಳುತ್ತಿಲ್ಲ. ಆ ಹೊತ್ತಿನ ಸತ್ಯ ಅದು. ಆದರೆ ಆಲೂರಿನ ಯಾವುದೋ ತೋಟದ ರೈಟರನ ಮಗ, ಲೈನ್‌ಮನೆಯ ಯಾವುದೋ ಹುಡುಗ ಕನ್ನಡ ಪುಸ್ತಕವನ್ನು ತೆರೆದಾಗ ತನಗಾಗಿ ಈ ಎರಡೇ ಕೊನೆಗಳನ್ನು ಕಂಡರೆ ನಮ್ಮ ಸಾಹಿತ್ಯ ಅವನಿಗೆ ಅರ್ಧ ಬಿಂದಿಗೆ ನೀರನ್ನಷ್ಟೇ ಎರೆದಂತಾಗುತ್ತದೆ. ವಾಸ್ತವವಾದವು ಇರುವ ಕೊನೆಗಳನ್ನು ತೋರಿಸಬಲ್ಲದು. ಇರದ ಕೊನೆಯನ್ನು ಇದ್ದಂತೆ ಕಾಣಿಸಿ ನಂಬಿಸುವುದು ಕಥೆಯ, ಅದರಲ್ಲೂ ರೂಪಾಂತರದ ಕಥೆಯ, ಹಳೆಯ ಕೆಲಸ.

6. ಲೇಖಕನ ಮುಂದಿರುವ ಕೆಲಸ

ಸಲಿಂಗಪ್ರೇಮಿಯನ್ನು ಮೃಗದೊಡನೆ ಸೇರಿಸಿ ಹೇಳುವುದೇ ಅವಮಾನವಲ್ಲವೆ ಎಂಬ ಆಕ್ಷೇಪಣೆ ಗಂಭೀರವಾದುದು. 2018ರ ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಕಾನೂನು ಬಿಟ್ಟ ಮೃಗದ ಸಾಲಿಗೆ ಕಥೆಗಾರನೇ ಮತ್ತೆ ಎಳೆದು ತರಬೇಕೆ? ಉತ್ತರ ಇಷ್ಟೆ: ಒಲವೇ ಮೃಗತ್ವವೆಂದು ಬರೆದರೆ ಅದು ಅವಮಾನ. ಹುಲಿಯಾಗುವುದು ಒಂದು ವಿದ್ಯೆ, ಒಲವು ಇನ್ನೊಂದು ಸಂಗತಿ ಎಂದು ಬೇರೆ ಬೇರೆಯಾಗಿಟ್ಟು ಬರೆದರೆ ಅಲ್ಲ. ಹುಲಿಯಾಗಬಲ್ಲವನು ತಾನೊಲಿದ ಗೆಳೆಯನ ಕೈಗೆ ಬೇರನ್ನು ಕೊಡುತ್ತಾನೆ. ಗೆಳೆಯ ಓಡುತ್ತಾನೆಯೆ, ನಿಲ್ಲುತ್ತಾನೆಯೆ? ಕಥೆ ಇಷ್ಟೇ ಆಗಿದ್ದರೂ ಸಾಕು. ಆಗ ಹುಲಿ ಒಲವಿನ ಸಂಕೇತವಾಗುವುದಿಲ್ಲ, ಒಲವಿನ ಪರೀಕ್ಷೆಯಾಗುತ್ತದೆ.

ಎರಡನೆಯದಾಗಿ, ಜಾನಪದವನ್ನು ಆಶ್ರಯಿಸುವ ಲೇಖಕನು ಲಿಂಗದ ಪ್ರಶ್ನೆಯನ್ನೂ ಒಲವಿನ ಪ್ರಶ್ನೆಯನ್ನೂ ಒಂದೆಂದು ಗೊಂದಲ ಮಾಡಿಕೊಳ್ಳಬಾರದು. ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ನಮ್ಮ ಕಾಲದ ಮಹತ್ವದ ದಾಖಲೆ. ಎಲ್ಲಮ್ಮನ ಪರಂಪರೆಯು ರೂಪ ಬದಲಿಸಿದವರಿಗೆ ಒಂದು ಸ್ಥಾನವನ್ನು ಕೊಟ್ಟಿದೆ, ಅದಕ್ಕೆ ಬೆಲೆಯನ್ನೂ ಪಡೆದಿದೆ. ಆದರೆ ಗಂಡಾಗಿಯೇ ಉಳಿದು ಗಂಡಿಗೆ ಒಲಿಯುವವನಿಗೆ ಆ ಪರಂಪರೆಯ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಜಾನಪದದಲ್ಲಿ ಎಲ್ಲರಿಗೂ ಜಾಗವಿತ್ತು ಎಂಬ ಸುಲಭದ ಮಾತನ್ನು ನಾವು, ಜಾನಪದ ಅಧ್ಯಯನ ಮಾಡುವವರು, ಹೇಳಬಾರದು. ಸ್ಲೀಮನ್ ದಾಖಲಿಸಿದ ಕಥೆಯಲ್ಲಿಯೂ ಬೇರು ಹಿಡಿದವಳು ಓಡಿದಳೇ ಹೊರತು ನಿಲ್ಲಲಿಲ್ಲ. ಜಾನಪದ ನಮಗೆ ಕೊಡುವುದು ಸಿದ್ಧ ಕರುಣೆಯನ್ನಲ್ಲ. ಯಾರು ಹೊಣೆ ಎಂದು ಕೇಳುವ ಕ್ರಮವನ್ನು.

ಮೂರನೆಯದಾಗಿ, ಸಿನಿಮಾದ ಪಂಚಾಂಗವನ್ನು ಬಿಡಬೇಕು. ಈ ಮಲೆಗಳಲ್ಲಿ ರೂಪ ಬದಲಾಗುವುದು ಹುಣ್ಣಿಮೆಗೆ ಅಲ್ಲ, ಮಳೆಗೆ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ಕಾಫಿ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ಕೆಲವೇ ದಿನಗಳಲ್ಲಿ ಆ ರೂಪ ಕಳಚಿಹೋಗುತ್ತದೆ. ಹೂವರಳಿದ ತೋಟದಲ್ಲಿ ಎಚ್ಚರ ತಪ್ಪಿ ನಡೆದರೆ ಫಸಲೇ ಹೋಯಿತು ಎಂಬುದು ಇಲ್ಲಿನ ಎಲ್ಲ ಕೂಲಿಕಾರರಿಗೂ ಗೊತ್ತು. ಉಗುರು ತಾಗದಂತೆ ನೀರೆರೆಯಬೇಕೆಂಬ ಕಥೆಯ ನಿಯಮಕ್ಕೆ ಇದಕ್ಕಿಂತ ಹತ್ತಿರದ ಭಾಷ್ಯ ಬೇಕಿಲ್ಲ. ರಾತ್ರಿ ಹೊತ್ತು ಹಾವಿನ ಹೆಸರು ಹೇಳದೆ ‘ಹುಳ’ ಎನ್ನುವ ನುಡಿಗಟ್ಟು, ಏಲಕ್ಕಿ ಮಲೆಯ ಮಬ್ಬು, ಆನೆಗೆ ಹೆದರಿ ಪಾಳುಬಿಟ್ಟ ಗದ್ದೆ, ಕಣದಲ್ಲಿ ಕಾಫಿ ಕಾಯಲು ಮಲಗುವ ಇಬ್ಬರು ಆಳುಗಳ ನಡುವಣ ಮಾತು ಇವೆಲ್ಲವೂ ಕಥೆಯ ಹೊರ ಅಲಂಕಾರಗಳಲ್ಲ. ಯಾವುದನ್ನು ಹೆಸರಿಸಬಹುದು, ಯಾವುದನ್ನು ಹೆಸರಿಸದೆ ಬದುಕಬೇಕು ಎಂಬುದನ್ನು ಈ ನೆಲ ದಿನವೂ ತೀರ್ಮಾನಿಸುತ್ತಿರುತ್ತದೆ. ಸಲಿಂಗ ಪ್ರೇಮದ ಕಥೆಯೂ ಆ ತೀರ್ಮಾನದ ಒಳಗೇ ನಡೆಯಬೇಕು.

ಕೊನೆಯದಾಗಿ, ವಿಧಿಲಿಖಿತ ಜೊತೆಗಾರನನ್ನೂ ಹಿಂಡಿನ ಅಧಿಪತಿಯನ್ನೂ ಕೈಬಿಡಬೇಕು. ವಿಧಿಯೇ ಜೋಡಿ ಮಾಡಿದ್ದರೆ ಬೇರು ಹಿಡಿದವನಿಗೆ ಓಡುವ ಸ್ವಾತಂತ್ರ್ಯವಿಲ್ಲ. ಓಡುವ ಸ್ವಾತಂತ್ರ್ಯವಿಲ್ಲದವನು ನಿಂತರೆ ಅದರಲ್ಲಿ ಒಲವೂ ಇಲ್ಲ. ಅಧಿಪತಿಯ ಕಥೆಯನ್ನಾದರೋ ಸಳನ ಲಾಂಛನವು ಒಂಬತ್ತು ಶತಮಾನಗಳಿಂದ ಹೇಳುತ್ತಲೇ ಇದೆ.

7. ಸಮಾರೋಪ

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ನಿರಾಕರಿಸಿತು. ಶಿಕ್ಷೆ ಹೋಗಿದೆ, ಮನೆಯೊಳಗಣ ಸ್ಥಾನ ಬಂದಿಲ್ಲ. ಹೂವಿನ ಗಿಡದ ಹುಡುಗಿಯು ಒಂದು ಬಿಂದಿಗೆ ಸರಿಯಾಗಿ ಬಿದ್ದು ಇನ್ನೊಂದು ಬೀಳದೆ ನಡುವೆ ಉಳಿದ ಸ್ಥಿತಿಗೆ ಇದು ಹೋಲುತ್ತದೆ. ಆ ಕಥೆಯ ಕೊನೆಯಲ್ಲಿ ಅವಳನ್ನು ಗುರುತಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ನೀರೆರೆಯುವವನು ಒಬ್ಬನಿದ್ದಾನೆ. ಹೆಂಗಸರು ತಲೆಮಾರುಗಳಿಂದ ಈ ಕಥೆಯನ್ನು ಹೇಳಿಕೊಂಡು ಬಂದದ್ದು, ಲೋಕದಲ್ಲಿ ಅಂಥವರು ಹೇರಳವಾಗಿದ್ದಾರೆಂದಲ್ಲ, ಅಂಥವರು ಇರಬೇಕೆಂದು.

ಕನ್ನಡದಲ್ಲಿ ಹುಲಿಯಾದವನ ಪ್ರೇಮಕಥೆ ಬರೆಯಲು ಹೊರಡುವ ಲೇಖಕನು ಹುಲಿಯ ಉಗುರು, ಹಲ್ಲು, ಘರ್ಜನೆಗಳ ವರ್ಣನೆಗೆ ಹೆಚ್ಚು ಶ್ರಮಪಡಬೇಕಾಗಿಲ್ಲ. ಅವನ ಶ್ರಮವೆಲ್ಲ ಬೇರು ಹಿಡಿದು ನಡುಗುತ್ತ ನಿಂತ ಇನ್ನೊಬ್ಬನ ಮೇಲೆ ಇರಬೇಕು. ಅವನು ಗೆಳೆಯನಾಗಿರಬಹುದು, ತಾಯಿಯಾಗಿರಬಹುದು, ಇಡೀ ಊರೇ ಆಗಿರಬಹುದು. ಓದುಗರಾದ ನಾವೂ ಆಗಿರಬಹುದು.